ಗುಜರಿಯಿಂದ ಎದ್ದು ಹಾರಿದ ಲಿಬರೇಟರ್‌ಗಳು

ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಹೋಗಿ ಬರುವವರಿಗೆ ಮಾಚೇನಹಳ್ಳಿ ಹೊಸ ಹೆಸರೇನಲ್ಲ. ಹಾಲಿನ ಡೇರಿ, ಮೀಸಲು ಪೊಲೀಸ್ ಪಡೆಯ ಎಂಟನೇ ಬೆಟಾಲಿಯನ್, ಕೈಗಾರಿಕಾ ಪ್ರದೇಶದ ಫೌಂಡ್ರಿಗಳು, ರಸ್ತೆಯ ಅಂಚಿನಲ್ಲಿ ಸಾಲುಗಟ್ಟಿ ನಿಂತ ಲಾರಿಗಳು. ಈ ಲಾರಿಗಳ ನಡುವೆ ಅಲ್ಲೊಂದು ಇಲ್ಲೊಂದು ಗುಜರಿ ಅಂಗಡಿ. ತುಕ್ಕು ಹಿಡಿದ ಆಕ್ಸಲ್ಲು, ಹಲ್ಲು ಮುರಿದ ಗೇರು, ಚಪ್ಪಟೆಯಾದ ಡ್ರಮ್ಮು, ಯಾರದೋ ಮನೆಯ ಕಿಟಕಿಯ ಸರಳು. ಎಲ್ಲವೂ ಕುಲುಮೆಯ ಸರದಿಗಾಗಿ ಕಾದು ಬಿದ್ದಿರುತ್ತವೆ.

ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅಂಥದೊಂದು ಅಂಗಡಿಯಲ್ಲಿ ನಾವು ಚಹಾ ಕುಡಿಯುತ್ತ ಕುಳಿತಿದ್ದೆವು. ಅಂಗಡಿ ನಮ್ಮ ಖಾಲಾನ ಮಗನದು. ಹಿಂದುಗಡೆ ಒಂದು ಹಳೆಯ ಜೀಪು ಬಿದ್ದಿತ್ತು. ಟಾಪು ಇಲ್ಲ, ಎಂಜಿನ್ ಇಲ್ಲ, ಒಂದು ಚಕ್ರವೂ ಇಲ್ಲ. ಮುಂದಿನ ಜಾಲರಿಯ ಆಕಾರ ನೋಡಿದರೆ ಮಾತ್ರ ಅದು ಬಹಳ ಹಳೆಯ ಕಾಲದ್ದೆಂದು ಗೊತ್ತಾಗುತ್ತಿತ್ತು. ಗ್ಯಾಸ್ ಕಟರ್ ಹಿಡಿದ ಹುಡುಗ ಅದರ ಪಕ್ಕದಲ್ಲೇ ನಿಂತಿದ್ದ. ‘ಇದನ್ನು ಉಳಿಸಬಹುದಲ್ಲವೇ ತಮ್ಮ?’ ಎಂದು ಕೇಳಿದೆವು. ಅವನು ನಕ್ಕ. ‘ಕರಗಿಸಿದರೆ ಕೆ.ಜಿ. ಲೆಕ್ಕ ಭಾಯಿ. ಉಳಿಸಿದರೆ ಕತೆ ಲೆಕ್ಕ. ಕತೆಗೆ ಯಾರು ದುಡ್ಡು ಕೊಡ್ತಾರೆ?’

ಕತೆ ಬರೆದೇ ಇಷ್ಟು ವರ್ಷ ಕಳೆದ ನಮಗೆ ಈ ಮಾತಿಗೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ತಲೆಯ ಮೇಲೆ ಒಂದು ವಿಮಾನ ಸದ್ದು ಮಾಡುತ್ತ ಕೆಳಗಿಳಿಯಿತು. ಇಲ್ಲಿಂದ ಹೆಚ್ಚು ದೂರವಿಲ್ಲದ ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಕೆಳಗೆ ಗುಜರಿ, ಮೇಲೆ ವಿಮಾನ. ಇವೆರಡಕ್ಕೂ ಎಲ್ಲಿಯ ಸಂಬಂಧ ಎಂದು ಯಾರಾದರೂ ಕೇಳಬಹುದು. ನಮ್ಮ ನಾಡಿನಲ್ಲೇ ಇವೆರಡೂ ಒಂದಾದ ಪ್ರಸಂಗವೊಂದಿದೆ. ಅದನ್ನು ಹೇಳುವುದೇ ಈ ಬರಹದ ಉದ್ದೇಶ.

*

ಮೊದಲು ನಮ್ಮ ಮನೆಯ ಮಾತು. ನಮ್ಮ ತಾಯಿಯ ತಂದೆ, ಅಂದರೆ ನಮ್ಮ ನಾನಾ, ಎರಡನೇ ಮಹಾಯುದ್ಧ ಮುಗಿದ ಮೇಲೆ ಇನ್ನೊಬ್ಬರ ಜೊತೆ ಪಾಲು ಹಾಕಿ ಒಂದು ಮಿಲಿಟರಿ ಲಾರಿ ಕೊಂಡಿದ್ದರಂತೆ. ಸೈನ್ಯಕ್ಕೆ ಬೇಡವಾದ ಸಾಮಾನುಗಳನ್ನು ಸರ್ಕಾರ ಮಾರಾಟ ಮಾಡುತ್ತಿದ್ದ ಕಾಲ ಅದು. ಜನ ಅಂಥವನ್ನೆಲ್ಲ ‘ಡಿಸ್ಪೋಜಲ್ ಮಾಲು’ ಎನ್ನುತ್ತಿದ್ದರು. ಡಿಸ್ಪೋಜಲ್ ಕಂಬಳಿ, ಡಿಸ್ಪೋಜಲ್ ಬೂಟು, ಡಿಸ್ಪೋಜಲ್ ಗಾಡಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಆಗ ಇದ್ದಿಲಿನಿಂದ ಉರಿಯುತ್ತಿತ್ತು. ಮಲೆನಾಡಿನ ಕಾಡಿನಿಂದ ಸೌದೆ ಇಳಿಯುತ್ತಲೇ ಇರಬೇಕಿತ್ತು. ನಾನಾನ ಲಾರಿ ಆ ಸೌದೆ ಹೊತ್ತಿತು. ‘ಜಪಾನಿನ ಮೇಲೆ ಹೋಗಬೇಕಾಗಿದ್ದ ಗಾಡಿ ನಮ್ಮ ಮಕ್ಕಳ ಹೊಟ್ಟೆ ಹೊರೆಯಿತು’ ಎಂದು ಅವರು ಹೇಳುತ್ತಿದ್ದುದನ್ನು ಅಮ್ಮಿ ಈಗಲೂ ನೆನೆಯುತ್ತಾರೆ.

ಯುದ್ಧ ಮುಗಿದ ಮೇಲೆ ಲಾರಿ, ಜೀಪುಗಳಿಗೆ ಹೀಗೆ ಎರಡನೇ ಬದುಕು ಸಿಕ್ಕಿತು. ಆದರೆ ಅದೇ ಯುದ್ಧದ ದೊಡ್ಡ ದೊಡ್ಡ ವಿಮಾನಗಳಿಗೆ ಮಾತ್ರ ಮರಣದಂಡನೆಯಾಗಿತ್ತು. ಅದೂ ಅವು ಕೆಟ್ಟಿದ್ದವೆಂಬ ಕಾರಣಕ್ಕಲ್ಲ. ಒಂದು ಒಪ್ಪಂದದ ಕಾರಣಕ್ಕೆ.

1941ರ ಮಾರ್ಚ್‌ನಲ್ಲಿ ಅಮೆರಿಕ ‘ಲೆಂಡ್-ಲೀಸ್’ ಎಂಬ ಕಾಯ್ದೆ ಮಾಡಿತು. ಯುದ್ಧದಲ್ಲಿ ತೊಡಗಿದ್ದ ಬ್ರಿಟನ್ನಿಗೆ ಕೈಯಲ್ಲಿ ದುಡ್ಡಿರಲಿಲ್ಲ. ಅಮೆರಿಕ ವಿಮಾನ, ಟ್ರಕ್ಕು, ಟ್ಯಾಂಕು, ಆಹಾರ ಎಲ್ಲವನ್ನೂ ಕಡವಾಗಿ ಕೊಟ್ಟಿತು. ಯುದ್ಧ ಮುಗಿದ ಮೇಲೆ ಉಳಿದ ವಿಮಾನಗಳನ್ನು ಹಿಂದಿರುಗಿಸಬೇಕು, ಇಲ್ಲವೆ ಬೆಲೆ ಕೊಟ್ಟು ಕೊಳ್ಳಬೇಕು, ಎರಡೂ ಆಗದಿದ್ದರೆ ನಾಶ ಮಾಡಬೇಕು. 1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾಯಿತು. ಬ್ರಿಟನ್ನಿನ ಬಳಿ ಡಾಲರ್ ಇರಲಿಲ್ಲ. ಅಮೆರಿಕಕ್ಕೆ ಆ ವಿಮಾನಗಳು ವಾಪಸ್ಸು ಬೇಕಾಗಿರಲಿಲ್ಲ, ಅಲ್ಲಿನ ಬಯಲುಗಳಲ್ಲೇ ಸಾವಿರಗಟ್ಟಲೆ ವಿಮಾನಗಳು ಕುಲುಮೆಗಾಗಿ ಕಾದಿದ್ದವು. ಹೀಗಾಗಿ ಉಳಿದದ್ದು ಮೂರನೇ ದಾರಿ.

ಹಾಗೆ ಶಿಕ್ಷೆಗೊಳಗಾದ ವಿಮಾನಗಳಲ್ಲಿ ಮುಖ್ಯವಾದದ್ದು ಬಿ-24 ಲಿಬರೇಟರ್. ‘ಲಿಬರೇಟರ್’ ಎಂದರೆ ಬಿಡುಗಡೆ ಮಾಡುವವನು. ನಾಲ್ಕು ಎಂಜಿನ್ನುಗಳು, ಒಂದೊಂದಕ್ಕೂ 1200 ಅಶ್ವಶಕ್ತಿ. ಈ ರೆಕ್ಕೆಯ ತುದಿಯಿಂದ ಆ ರೆಕ್ಕೆಯ ತುದಿಗೆ 110 ಅಡಿ. ಯುದ್ಧದ ಆ ಕೆಲವೇ ವರ್ಷಗಳಲ್ಲಿ ಇಂಥವು 18 ಸಾವಿರಕ್ಕೂ ಹೆಚ್ಚು ತಯಾರಾದವು. ಫೋರ್ಡ್ ಕಂಪನಿಯ ವಿಲೋ ರನ್ ಕಾರ್ಖಾನೆಯಲ್ಲಿ ಕೆಲಸ ಭರದಿಂದ ಸಾಗಿದ್ದಾಗ ಗಂಟೆಗೊಂದು ಲಿಬರೇಟರ್ ಹೊರಬರುತ್ತಿತ್ತು. ಬಂಗಾಳದ ಸಾಲ್ಬನಿ, ದಿಗ್ರಿ ಮುಂತಾದ ಹಳ್ಳಿಗಳ ಪಕ್ಕದಲ್ಲಿ ಮಾಡಿದ ಓಡುದಾರಿಗಳಿಂದ ಬ್ರಿಟಿಷ್ ವಾಯುಪಡೆಯ ಲಿಬರೇಟರ್‌ಗಳು ಎದ್ದು ಬರ್ಮಾದವರೆಗೂ ಅದರಾಚೆಗೂ ಹೋಗಿ ಜಪಾನಿಯರ ರೈಲುದಾರಿ, ಸೇತುವೆ, ಬಂದರುಗಳ ಮೇಲೆ ಬಾಂಬು ಹಾಕಿ ಬರುತ್ತಿದ್ದವು. ಅದೇ ಬಂಗಾಳದ ಹಳ್ಳಿಗಳಲ್ಲಿ 1943ರಲ್ಲಿ ಜನ ಅನ್ನವಿಲ್ಲದೆ ಲಕ್ಷಗಟ್ಟಲೆ ಸತ್ತರು ಎಂಬುದನ್ನೂ ಇಲ್ಲೇ ನೆನೆಯಬೇಕು. ವಿಮಾನದ ಕತೆ ಹೇಳುವಾಗ ಅದರ ಕೆಳಗೆ ನೆಲದ ಮೇಲಿದ್ದವರನ್ನು ಮರೆತರೆ ಕತೆ ಪೂರ್ತಿಯಾಗುವುದಿಲ್ಲ.

ಯುದ್ಧ ಮುಗಿದ ಮೇಲೆ ಈ ಲಿಬರೇಟರ್‌ಗಳನ್ನು ಕಾನಪುರದ ಚಕೇರಿ ವಿಮಾನ ನೆಲೆಗೆ ತಂದು ನಿಲ್ಲಿಸಿದರು. ಬ್ರಿಟಿಷ್ ವಾಯುಪಡೆಯ 322ನೇ ನಿರ್ವಹಣಾ ಘಟಕ ಇದ್ದ ಜಾಗ ಅದು. ಅಲ್ಲಿ ಅವುಗಳನ್ನು ಮತ್ತೆ ಯಾರೂ ಹಾರಿಸದಂತೆ ಕೆಡಿಸಲಾಯಿತು. ಎಂಜಿನ್ನುಗಳಿಗೆ ಮರಳು ಸುರಿದರು. ಮೀಟರುಗಳನ್ನು ಒಡೆದರು. ಮೈಗೆ ತೂತು ಕೊರೆದರು. ಕೆಲವನ್ನು ಬುಲ್ಡೋಜರಿನಿಂದ ನೂಕಿ ಮುಗ್ಗರಿಸುವಂತೆ ಮಾಡಿದರು. ಹಾರಬಲ್ಲ ವಿಮಾನಗಳು ಹೀಗೆ ಕಾಗದದ ಮೇಲಿನ ಒಂದು ಷರತ್ತಿಗಾಗಿ ಗುಜರಿಯಾದವು. ಬ್ರಿಟಿಷರು ಹೊರಟುಹೋದರು. ಗಂಗೆಯ ಬಯಲಿನ ಬಿಸಿಲಿಗೂ ಮಳೆಗೂ ಮೈಯೊಡ್ಡಿ ಅವು ನಿಂತಲ್ಲೇ ನಿಂತವು.

*

ಈಗ ನಮ್ಮ ಮೈಸೂರಿನ ಕಡೆ ಬರೋಣ.

ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರಿಗೆ ಭಾರತದಲ್ಲೇ ವಿಮಾನ ಕಾರ್ಖಾನೆ ಕಟ್ಟಬೇಕೆಂಬ ಹಂಬಲವಿತ್ತು. ಅಮೆರಿಕದ ವಿಲಿಯಂ ಪಾಲಿ ಎಂಬವರ ನೆರವು ದೊರೆಯಿತು. ಜಾಗ ಮತ್ತು ಬಂಡವಾಳಕ್ಕೆ ಕೈ ನೀಡಿದ್ದು ಮೈಸೂರು ಸಂಸ್ಥಾನ. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಸಂಸ್ಥಾನ ಬೆಂಗಳೂರಿನ ಹೊರವಲಯದಲ್ಲಿ 700 ಎಕರೆ ಭೂಮಿಯನ್ನು ಕೊಟ್ಟಿತು, 25 ಲಕ್ಷ ರೂಪಾಯಿ ಬಂಡವಾಳವನ್ನೂ ಹಾಕಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಮರುವರ್ಷ ಭಾರತ ಸರ್ಕಾರವೂ 25 ಲಕ್ಷ ಹಾಕಿ ಪಾಲುದಾರನಾಯಿತು, 1942ರಲ್ಲಿ ವಾಲ್‌ಚಂದ್ ಅವರ ಪಾಲನ್ನೂ ಕೊಂಡುಕೊಂಡಿತು. ಭದ್ರಾವತಿಯಲ್ಲಿ ಕಬ್ಬಿಣ, ಶಿವನಸಮುದ್ರದಲ್ಲಿ ವಿದ್ಯುತ್ತು, ಬೆಂಗಳೂರಿನಲ್ಲಿ ವಿಜ್ಞಾನ ಸಂಸ್ಥೆ. ಇವನ್ನೆಲ್ಲ ಮೊದಲೇ ಕಟ್ಟಿಕೊಂಡಿದ್ದ ಸಂಸ್ಥಾನಕ್ಕೆ ವಿಮಾನದ ಕನಸು ತೀರ ಎಟುಕದ್ದಾಗಿರಲಿಲ್ಲ.

1941ರಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನ ಇಲ್ಲಿ ಜೋಡಣೆಯಾಗಿ ಹಾರಿತು. 1942ರಲ್ಲಿ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನ ಹಾರಿತು. ಆದರೆ ಬರ್ಮಾ ಜಪಾನಿಯರ ಕೈಗೆ ಹೋದ ಮೇಲೆ ಹೊಸ ವಿಮಾನ ಕಟ್ಟುವುದಕ್ಕಿಂತ ಹಳೆಯದನ್ನು ರಿಪೇರಿ ಮಾಡುವುದೇ ತುರ್ತಾಯಿತು. 1943ರಲ್ಲಿ ಕಾರ್ಖಾನೆಯನ್ನು ಅಮೆರಿಕದ ಸೇನಾ ವಾಯುಪಡೆಗೆ ಒಪ್ಪಿಸಿಕೊಡಲಾಯಿತು. ಯುದ್ಧರಂಗದಿಂದ ಗಾಯಗೊಂಡು ಬರುವ ಬಾಂಬರುಗಳು, ಸಾಗಣೆ ವಿಮಾನಗಳು ಇಲ್ಲಿ ಚೇತರಿಸಿಕೊಂಡು ಮರಳಿದವು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಇಳಿಯುತ್ತಿದ್ದವು. ನೊರೆ ಉಕ್ಕಿಸುವ ಕೆರೆಯೆಂದು ಮಾತ್ರ ಬೆಳ್ಳಂದೂರನ್ನು ಬಲ್ಲ ಇಂದಿನ ಮಕ್ಕಳು ಇದನ್ನು ನಂಬಲಾರರು.

ಈ ವರ್ಷಗಳಲ್ಲಿ ಬೆಂಗಳೂರು ಸುತ್ತಿನ ಹುಡುಗರು ಸಾವಿರಾರು ಸಂಖ್ಯೆಯಲ್ಲಿ ಫಿಟ್ಟರ್, ಟರ್ನರ್, ಶೀಟ್ ಮೆಟಲ್ ಕೆಲಸ ಕಲಿತರು. ತಗಡಿಗೆ ರಿವೆಟ್ ಹೊಡೆಯುವುದು, ಎಂಜಿನ್ ಬಿಚ್ಚಿ ತೊಳೆದು ಕೂದಲೆಳೆಯ ಅಳತೆಯಲ್ಲಿ ಮತ್ತೆ ಜೋಡಿಸುವುದು ಅವರ ಕೈಗೆ ಬಂತು. ಆದರೆ ಯುದ್ಧ ಮುಗಿದ ಕೂಡಲೇ ಕೆಲಸ ಕಡಿಮೆಯಾಯಿತು. ವಿಮಾನದ ಕಾರ್ಖಾನೆಯಲ್ಲಿ ರೈಲಿನ ಬೋಗಿ, ಬಸ್ಸಿನ ಬಾಡಿ ಕಟ್ಟುವ ಕಾಲ ಬಂತು. ಯುದ್ಧದಲ್ಲಿ ಉಳಿದ ಡಕೋಟಾಗಳನ್ನು ನಾಗರಿಕ ವಿಮಾನ ಕಂಪನಿಗಳಿಗಾಗಿ ಸಜ್ಜುಗೊಳಿಸುವ ಕೆಲಸ ಕೈ ಹಿಡಿಯಿತು.

ಇತ್ತ ಹೊಸದಾಗಿ ಸ್ವತಂತ್ರವಾದ ದೇಶದ ವಾಯುಪಡೆಯ ಬಳಿ ಒಂದೂ ಭಾರಿ ಬಾಂಬರ್ ಇರಲಿಲ್ಲ. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ್ದು ಡಕೋಟಾ ಎಂಬ ಸಾಗಣೆ ವಿಮಾನ. ಪೂಂಚ್‌ನ ಕಾಳಗದಲ್ಲಿ ಅದೇ ಡಕೋಟಾದ ಬಾಗಿಲಿನಿಂದ ಬಾಂಬುಗಳನ್ನು ಕೈಯಾರೆ ಉರುಳಿಸುವ ಪರಿಸ್ಥಿತಿಯೂ ಬಂತು. ಹೊಸ ಬಾಂಬರ್ ಕೊಳ್ಳಲು ಹಣವಿಲ್ಲ. ಆಗ ಕಾನಪುರದ ಬಯಲಿನಲ್ಲಿ ಬಿದ್ದಿದ್ದ ಲಿಬರೇಟರ್‌ಗಳ ಕಡೆ ಕಣ್ಣು ಹೋಯಿತು. 1948ರಲ್ಲಿ ಅವನ್ನು ಎಬ್ಬಿಸುವ ಕೆಲಸ ಹಿಂದೂಸ್ತಾನ್ ಏರ್‌ಕ್ರಾಫ್ಟಿನ ಪಾಲಿಗೆ ಬಂತು.

*

ಎಬ್ಬಿಸುವುದು ಎಂದರೇನು ಎಂಬುದನ್ನು ಗುಜರಿಯವರ ಭಾಷೆಯಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಹತ್ತು ಕೆಟ್ಟ ಗಾಡಿಗಳಿದ್ದರೆ ಅವುಗಳೊಳಗೆ ನಾಲ್ಕೈದು ಒಳ್ಳೆಯ ಗಾಡಿಗಳು ಅಡಗಿರುತ್ತವೆ. ಒಂದರ ಎಂಜಿನ್, ಇನ್ನೊಂದರ ಚಕ್ರ, ಮತ್ತೊಂದರ ಬಾಲ. ಯಾವುದು ಯಾವುದಕ್ಕೆ ಕೂಡುತ್ತದೆ ಎಂದು ಗುರುತಿಸುವ ಕಣ್ಣು ಬೇಕು ಅಷ್ಟೆ. ಮೂರು ಮಳೆಗಾಲ ಕಂಡ ವಿಮಾನದಲ್ಲಿ ರಬ್ಬರು ಬಿರಿದಿರುತ್ತದೆ, ಎಣ್ಣೆಯ ಕೊಳವೆ ಕಟ್ಟಿಕೊಂಡಿರುತ್ತದೆ, ಅಲ್ಯೂಮಿನಿಯಂ ತಗಡು ಬಿಳಿ ಪುಡಿ ಬಿಟ್ಟಿರುತ್ತದೆ, ರೆಕ್ಕೆಯ ಸಂದಿಯಲ್ಲಿ ಹಕ್ಕಿ ಗೂಡು ಕಟ್ಟಿರುತ್ತದೆ. ಇವನ್ನೆಲ್ಲ ಒಂದೊಂದಾಗಿ ನೋಡಬೇಕು. ಲಾರಿ ದಾರಿಯಲ್ಲಿ ಕೆಟ್ಟರೆ ಬದಿಗೆ ನಿಲ್ಲಿಸಿ ಗ್ಯಾರೇಜಿಗೆ ಫೋನು ಮಾಡಬಹುದು. ಆಕಾಶದಲ್ಲಿ ಬದಿ ಎಂಬುದಿಲ್ಲ.

ಕಾನಪುರದಲ್ಲಿ ಹಾರಲು ಸಾಕಾಗುವಷ್ಟು ಮಾತ್ರ ತೇಪೆ ಹಾಕುವುದು, ಆಮೇಲೆ ಬೆಂಗಳೂರಿಗೆ ಹಾರಿಸಿ ತಂದು ಅಲ್ಲಿ ಪೂರ್ತಿ ಬಿಚ್ಚಿ ಸರಿಪಡಿಸುವುದು ಎಂಬುದು ಯೋಜನೆಯಾಗಿತ್ತು. ಕಾನಪುರದಿಂದ ಬೆಂಗಳೂರಿಗೆ ಆಕಾಶದ ದಾರಿ ಸುಮಾರು 1500 ಕಿಲೋಮೀಟರ್. ವಿಂಧ್ಯ, ನರ್ಮದೆ, ಗೋದಾವರಿ, ಕೃಷ್ಣೆಗಳನ್ನು ದಾಟಿ ಬರಬೇಕು. ಎಂಜಿನ್ನಿನೊಳಗೆ ಒಂದು ಕಾಲದಲ್ಲಿ ಮರಳು ತುಂಬಿದ್ದ ವಿಮಾನವನ್ನು ಯಾರು ಹಾರಿಸಿಕೊಂಡು ಬರುತ್ತಾರೆ?

ಆ ಹೊಣೆ ಹೊತ್ತವರು ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್‌ಶೆಡ್ ಕೈಕೋಬಾದ್ ಮುನ್ಷಿ. ಜೊತೆಯವರು ಅವರನ್ನು ಜಿಮ್ಮಿ ಮುನ್ಷಿ ಎನ್ನುತ್ತಿದ್ದರು. ಒಂದಲ್ಲ ಎರಡಲ್ಲ, 42 ಲಿಬರೇಟರ್‌ಗಳನ್ನು ಅವರು ಹೀಗೆ ಬೆಂಗಳೂರಿಗೆ ತಂದು ಇಳಿಸಿದರು. ಹೊಸ ವಿಮಾನವನ್ನು ಮೊದಲ ಸಲ ಹಾರಿಸುವವರನ್ನು ಜಗತ್ತು ಧೀರರೆನ್ನುತ್ತದೆ. ಸತ್ತ ವಿಮಾನವನ್ನು ಮೊದಲ ಸಲ ಹಾರಿಸುವ ಕೆಲಸವನ್ನು ಈ ಮನುಷ್ಯ 42 ಸಲ ಮಾಡಿದರು. 1951ರ ಆಗಸ್ಟ್‌ನಲ್ಲಿ ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನ ಬೆಂಗಳೂರಿನಲ್ಲಿ ಮೊದಲು ಹಾರಿದಾಗಲೂ ಅದರೊಳಗೆ ಕುಳಿತವರು ಇದೇ ಮುನ್ಷಿ. ಗುಜರಿಯಿಂದ ವಿಮಾನ ಎಬ್ಬಿಸಿದ ಕಾರ್ಖಾನೆಯೇ ಮೂರು ವರ್ಷಗಳೊಳಗೆ ಸ್ವಂತ ವಿಮಾನವನ್ನೂ ಹಾರಿಸಿತು ಎಂಬುದನ್ನು ಇಲ್ಲಿ ಗಮನಿಸಬೇಕು. ರಿಪೇರಿ ಎಂಬುದು ಕೀಳು ಕೆಲಸವೆಂದು ತಿಳಿಯುವವರಿಗೆ ಇದರಲ್ಲಿ ಪಾಠವಿದೆ. ಬಿಚ್ಚಿ ನೋಡಿದವನಿಗೆ ಮಾತ್ರ ಕಟ್ಟುವುದು ಗೊತ್ತಾಗುತ್ತದೆ.

1948ರ ನವೆಂಬರ್ 2ರಂದು ಕಾನಪುರದಲ್ಲೇ ವಾಯುಪಡೆಯ 5ನೇ ಸ್ಕ್ವಾಡ್ರನ್ ಲಿಬರೇಟರ್‌ಗಳೊಂದಿಗೆ ಆರಂಭವಾಯಿತು. ಯಾವ ನೆಲದಲ್ಲಿ ಅವು ಸತ್ತಿದ್ದವೋ ಅದೇ ನೆಲಕ್ಕೆ ಜೀವ ಪಡೆದು ಮರಳಿದವು. ಸ್ವತಂತ್ರ ಭಾರತದ ಮೊದಲ ಭಾರಿ ಬಾಂಬರ್ ದಳ ಹುಟ್ಟಿದ್ದು ಹೀಗೆ. 1951ರಲ್ಲಿ ಪುಣೆಯಲ್ಲಿ 6ನೇ ಸ್ಕ್ವಾಡ್ರನ್ನಿಗೂ ಲಿಬರೇಟರ್‌ಗಳು ಬಂದವು. ಆ ದಳ ಅವುಗಳಿಂದ ಸಮುದ್ರದ ಕಾವಲು ಕಾಯಿತು. 1957ರಲ್ಲಿ ಬಾಂಬರ್ ದಳಕ್ಕೆ ಕ್ಯಾನ್‌ಬೆರಾ ಜೆಟ್ ಬಂದ ಮೇಲೂ ಕಡಲ ಕಾವಲಿನ ಕೆಲಸದಲ್ಲಿ ಲಿಬರೇಟರ್‌ಗಳು ಮುಂದುವರಿದವು. ಅವಕ್ಕೆ ನಿವೃತ್ತಿಯಾದದ್ದು 1968ರ ಕೊನೆಯಲ್ಲಿ. 1945ರಲ್ಲಿ ಮರಣಪತ್ರ ಬರೆಸಿಕೊಂಡಿದ್ದ ವಿಮಾನಗಳು ಅದಾದ ಮೇಲೆ ಇಪ್ಪತ್ತು ವರ್ಷ ಸೇವೆ ಮಾಡಿದವು. ಅಷ್ಟರಲ್ಲಿ ಅವು ತಯಾರಾದ ಅಮೆರಿಕದಲ್ಲೇ ಸಾವಿರಾರು ಲಿಬರೇಟರ್‌ಗಳು ಪಾತ್ರೆ ಪಗಡೆಯಾಗಿ ಕರಗಿಹೋಗಿದ್ದವು.

*

ಇಲ್ಲಿಂದ ಮುಂದಿನ ಕತೆ ನಮ್ಮನ್ನು ಹೆಚ್ಚು ಕಾಡಿದೆ.

1960ರ ದಶಕದ ಕೊನೆಗೆ ಪಶ್ಚಿಮದ ದೇಶಗಳಿಗೆ ತಾವು ಕರಗಿಸಿದ್ದರ ಬೆಲೆ ಹೊಳೆಯಿತು. ವಸ್ತುಸಂಗ್ರಹಾಲಯಕ್ಕೆ ಒಂದು ಲಿಬರೇಟರ್ ಬೇಕೆಂದು ಹುಡುಕಿದರೆ ಸಿಗುವುದು ಎಲ್ಲಿ? ಭಾರತದಲ್ಲಿ. 1968ರಲ್ಲಿ ಒಂದು ಕೆನಡಾಕ್ಕೆ ಹೋಯಿತು. 1969ರಲ್ಲಿ ಇನ್ನೊಂದು ಅಮೆರಿಕದ ಆರಿಜೋನಾದಲ್ಲಿರುವ ಪೀಮಾ ಸಂಗ್ರಹಾಲಯಕ್ಕೆ ಹಾರಿಹೋಯಿತು. 1974ರಲ್ಲಿ ಮತ್ತೊಂದು ಬ್ರಿಟಿಷ್ ವಾಯುಪಡೆಯ ಸಂಗ್ರಹಾಲಯ ಸೇರಿತು. 1980ರ ದಶಕದಲ್ಲಿ ಒಂದು ಇಂಗ್ಲೆಂಡಿನ ಮೂಲಕ ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನಕ್ಕೆ ಹೋಗಿ, ವರ್ಷಗಟ್ಟಲೆ ಕೆಲಸ ನಡೆದು, 1989ರಲ್ಲಿ ಮತ್ತೆ ಆಕಾಶಕ್ಕೆ ಏರಿತು. ಇಂದು ಜಗತ್ತಿನಲ್ಲಿ ಪೂರ್ತಿಯಾಗಿ ಉಳಿದಿರುವ ಕೆಲವೇ ಲಿಬರೇಟರ್‌ಗಳಲ್ಲಿ ದೊಡ್ಡ ಪಾಲು ಭಾರತೀಯ ವಾಯುಪಡೆಯಿಂದ ಬಂದವು. ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ಸಂಗ್ರಹಾಲಯದಲ್ಲಿ ಒಂದನ್ನು ಕಾಣಬಹುದು.

ಇದು ಹೆಮ್ಮೆಯ ಸಂಗತಿಯೇ. ಆದರೆ ಈ ವಿಮಾನಗಳು ಪರದೇಶ ಸೇರಿದ ಮೇಲೆ ಏನಾಯಿತು? ಮೊದಲು ಅವುಗಳ ಬಣ್ಣ ಕೆರೆದರು. ಭಾರತದ ಮೂರು ಬಣ್ಣದ ಚಕ್ರ ಹೋಯಿತು, ಭಾರತೀಯ ವಾಯುಪಡೆಯ ಅಂಕಿ ಹೋಯಿತು. ಕೆನಡಾದಲ್ಲಿ ಅದು ಕೆನಡಾದ ವಿಮಾನವಾಯಿತು. ಅಮೆರಿಕದಲ್ಲಿ ಮೂಗಿನ ಮೇಲೆ ಚಿತ್ರ ಬರೆಸಿಕೊಂಡು ಅಮೆರಿಕದ ಬಾಂಬರಾಯಿತು. ಬ್ರಿಟನ್ನಿನಲ್ಲಿ 1945ರ ಆಗ್ನೇಯ ಏಷ್ಯಾ ರಂಗದ ಬಣ್ಣ ಹಚ್ಚಿಸಿಕೊಂಡಿತು. ಅವರವರು ತಮ್ಮ ತಮ್ಮ ಯುದ್ಧಕ್ಕೆ ವಿಮಾನವನ್ನು ಹಿಂದಿರುಗಿಸಿದರು. ಆ ಯುದ್ಧದಲ್ಲಿ ಸತ್ತ ತಮ್ಮ ಹುಡುಗರನ್ನು ನೆನೆಯಲು ಅವರಿಗೆ ಒಂದು ಗುರುತು ಬೇಕಿತ್ತು. ಆ ದುಃಖ ನಿಜವಾದದ್ದು, ನಾವು ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಬಣ್ಣದ ಕೆಳಗೆ ಇನ್ನೊಂದು ಚರಿತ್ರೆ ಮುಚ್ಚಿಹೋಯಿತು. ಯುದ್ಧದಲ್ಲಿ ಆ ವಿಮಾನ ಹಾರಿದ್ದು ತಿಂಗಳುಗಳ ಲೆಕ್ಕದಲ್ಲಿ, ನಮ್ಮಲ್ಲಿ ಹಾರಿದ್ದು ವರ್ಷಗಳ ಲೆಕ್ಕದಲ್ಲಿ. ಅದು ಇಂದಿಗೂ ಇದೆ ಎಂದರೆ ಬೆಂಗಳೂರಿನ ಯಾವನೋ ಫಿಟ್ಟರ್ 1948ರಲ್ಲಿ ಅದರ ಎಂಜಿನ್ನಿನಿಂದ ಮರಳು ತೆಗೆದದ್ದಕ್ಕೆ ಇದೆ.

ಆ ಫಿಟ್ಟರನ ಹೆಸರೇನು? ಪೈಲಟ್ಟಿನ ಹೆಸರು ಉಳಿದಿದೆ, ದಿವಾನರ ಹೆಸರು ಉಳಿದಿದೆ, ಉದ್ಯಮಿಯ ಹೆಸರು ಉಳಿದಿದೆ. ವೈಟ್‌ಫೀಲ್ಡ್, ವರ್ತೂರು, ಹಲಸೂರಿನ ಕಡೆಯಿಂದ ಸೈಕಲ್ ತುಳಿದು ಬಂದು ಸಂಜೆಗೆ ಉಗುರಿನ ಸಂದಿಯಲ್ಲಿ ಗ್ರೀಸು ತುಂಬಿಕೊಂಡು ಮನೆಗೆ ಹೋದವನ ಹೆಸರು ಯಾವ ಕಂಚಿನ ಫಲಕದ ಮೇಲೂ ಇಲ್ಲ. ಯಾವ ವಸ್ತುವನ್ನೇ ಆಗಲಿ ‘ಮೊದಲಿನಂತೆ’ ಮಾಡುತ್ತೇವೆ ಎಂದು ಹೊರಟವರು ಒಂದು ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ: ಮೊದಲು ಎಂದರೆ ಯಾವ ದಿನ? ಅದರ ಬದುಕಿನಲ್ಲಿ ನೂರು ದಿನಗಳಿದ್ದರೆ ಅದರಲ್ಲಿ ಒಂದನ್ನು ಆರಿಸಿ ಉಳಿದ ತೊಂಬತ್ತೊಂಬತ್ತನ್ನು ಕೆರೆದುಹಾಕುವ ಅಧಿಕಾರ ಯಾರದು? ಈ ಪ್ರಶ್ನೆ ವಿಮಾನಕ್ಕಷ್ಟೇ ಸೇರಿದ್ದಲ್ಲ. ಕೋಟೆಗೂ ಗುಡಿಗೂ ಮಸೀದಿಗೂ ಊರಿನ ಹೆಸರಿಗೂ ಸೇರಿದ್ದು.

*

ಇತ್ತೀಚೆಗೆ ನಮ್ಮ ದೇಶದಲ್ಲೂ ಹಳೆಯ ವಿಮಾನಗಳ ಬಗ್ಗೆ ಕಾಳಜಿ ಮೂಡಿದೆ. ಬ್ರಿಟನ್ನಿನಲ್ಲಿ ಗುಜರಿಯಾಗಲಿದ್ದ ಒಂದು ಡಕೋಟಾವನ್ನು ಕರ್ನಾಟಕದಿಂದ ರಾಜ್ಯಸಭೆಯ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಕೊಂಡು, ಸರಿಪಡಿಸಿ, ಡಕೋಟಾ ಪೈಲಟ್ ಆಗಿದ್ದ ತಮ್ಮ ತಂದೆಯ ನೆನಪಿಗೆ ವಾಯುಪಡೆಗೆ ಕೊಟ್ಟರು. 2018ರಲ್ಲಿ ಅದು ಹಾರಿಕೊಂಡೇ ಭಾರತಕ್ಕೆ ಬಂತು. ಅದಕ್ಕೆ ಪರಶುರಾಮ ಎಂದು ಹೆಸರಿಟ್ಟರು. 1947ರಲ್ಲಿ ಶ್ರೀನಗರಕ್ಕೆ ಇಳಿದ ಡಕೋಟಾದ ನೆನಪಿಗಾಗಿ ವಿಪಿ 905 ಎಂಬ ಅಂಕಿಯನ್ನು ಅದರ ಮೈಮೇಲೆ ಬರೆದರು. ನೋಡಿ, ಇಲ್ಲಿಯೂ ಒಂದು ದಿನವನ್ನು ಆರಿಸಿಕೊಳ್ಳಲಾಯಿತು.

ಅರುಣಾಚಲ ಪ್ರದೇಶದ ಕಾಡುಗಳಲ್ಲಿ ಇನ್ನೊಂದು ಬಗೆಯ ಹುಡುಕಾಟ ನಡೆದಿದೆ. ಅಸ್ಸಾಮಿನಿಂದ ಹಿಮಾಲಯದ ಗೋಣು ದಾಟಿ ಚೀನಾಕ್ಕೆ ಸಾಮಾನು ಸಾಗಿಸುತ್ತಿದ್ದ ಅಮೆರಿಕದ ವಿಮಾನಗಳು ಆ ದಾರಿಯಲ್ಲಿ ನೂರಾರು ಸಂಖ್ಯೆಯಲ್ಲಿ ಬಿದ್ದುಹೋದವು. ಕ್ಲೇಟನ್ ಕೂಲ್ಸ್ ಎಂಬ ಅಮೆರಿಕದ ಚಾರಣಿಗ ವರ್ಷಗಟ್ಟಲೆ ಆ ಬೆಟ್ಟಗಳನ್ನು ಹತ್ತಿಳಿದು ಹಲವು ಅವಶೇಷಗಳನ್ನು ಪತ್ತೆ ಮಾಡಿದರು. 2006ರಲ್ಲಿ ಅವರು ಗುರುತಿಸಿದ್ದರಲ್ಲಿ ಒಂದು ಲಿಬರೇಟರ್ ಕೂಡ ಇತ್ತು. ಅವರಿಗೆ ದಾರಿ ತೋರಿದವರು ಅಲ್ಲಿನ ಬೇಟೆಗಾರರು. ಆ ತಗಡು ಎಲ್ಲಿದೆಯೆಂದು ಅವರಿಗೆ ಮೊದಲೇ ಗೊತ್ತಿತ್ತು. 2023ರ ನವೆಂಬರ್‌ನಲ್ಲಿ ಪಾಸಿಘಾಟ್‌ನಲ್ಲಿ ಇದಕ್ಕಾಗಿಯೇ ಒಂದು ಸಂಗ್ರಹಾಲಯ ತೆರೆಯಿತು. ಅಲ್ಲಿನ ಹುಡುಕಾಟದ ಉದ್ದೇಶ ವಿಮಾನವನ್ನು ಮತ್ತೆ ಹಾರಿಸುವುದಲ್ಲ. ಮಗ ಎಲ್ಲಿ ಬಿದ್ದನೆಂದು ತಿಳಿಯದೆ ಎಪ್ಪತ್ತು ವರ್ಷ ಕಾದ ಮನೆಗಳಿಗೆ ಒಂದು ಉತ್ತರ ಕೊಡುವುದು. ಮುರಿದದ್ದನ್ನು ಮುರಿದಂತೆಯೇ ಉಳಿಸುವುದೂ ಒಂದು ಬಗೆಯ ಜೋಪಾಸನೆ.

*

ನಾವು ಉರ್ದು ಶಾಲೆಯಲ್ಲಿ ಅಕ್ಷರ ಕಲಿತು ಆಮೇಲೆ ಕನ್ನಡ ಶಾಲೆಗೆ ಬಂದವರು. ಅದರಿಂದಾಗಿ ಒಂದು ಶಬ್ದ ಎರಡೂ ಮನೆಗಳಲ್ಲಿ ಓಡಾಡುವುದನ್ನು ಕಂಡರೆ ನಮಗೆ ಖುಷಿ. ದುರಸ್ತಿ ಎಂಬ ಮಾತು ಫಾರ್ಸಿಯಿಂದ ಬಂದದ್ದು. ‘ದುರುಸ್ತ್’ ಎಂದರೆ ಸರಿಯಾದದ್ದು. ಹಳೆಯ ಮೈಸೂರಿನವರ ಬಾಯಲ್ಲಿ ಕೆರೆ, ರಸ್ತೆ, ಕಟ್ಟಡಗಳ ಇಲಾಖೆಗೆ ಮರಾಮತ್ತು ಇಲಾಖೆ ಎಂದೇ ಹೆಸರಿತ್ತು. ‘ಮರಮ್ಮತ್’ ಅರಬ್ಬಿಯಿಂದ ಉರ್ದುವಿಗೆ ಬಂದು, ಅಲ್ಲಿಂದ ಕನ್ನಡಕ್ಕೆ ಬಂತು. ಗುಜರಿಯೂ ಹಾಗೆಯೇ. ಉರ್ದುವಿನಲ್ಲಿ ‘ಗುಜ್ರಿ’ ಎಂದರೆ ದಾರಿಬದಿಯ ಸಂತೆ. ಹಾದುಹೋಗುವವರಿಗಾಗಿ ಹರಡಿದ ಅಂಗಡಿ. ಕಾರ್ಖಾನೆ ಎಂಬುದೂ ಆ ಕಡೆಯದೇ. ಕನ್ನಡ ಇವನ್ನೆಲ್ಲ ಎತ್ತಿಕೊಂಡು ತನ್ನ ಮೈಗೆ ಹೊಂದಿಸಿಕೊಂಡಿತು. ಇವತ್ತು ಮಾಚೇನಹಳ್ಳಿಯ ಗ್ಯಾರೇಜಿನಲ್ಲಿ ‘ದುರಸ್ತಿ’ ಎನ್ನುವ ಹುಡುಗನಿಗೆ ಅದು ಎಲ್ಲಿಂದ ಬಂತೆಂಬ ಚಿಂತೆಯಿಲ್ಲ. ಒಂದರ ಎಂಜಿನ್ನು ಇನ್ನೊಂದರ ರೆಕ್ಕೆ ಕೂಡಿ ಹಾರಿದ ಲಿಬರೇಟರ್‌ನಂತೆ ಭಾಷೆಯೂ ನಡೆದು ಬಂದಿದೆ. ಯಾವ ಭಾಗ ಯಾರದೆಂದು ಬಿಚ್ಚಿ ಹಂಚಿಕೊಳ್ಳಲು ಹೊರಟರೆ ಉಳಿಯುವುದು ಗುಜರಿ ಮಾತ್ರ.

ಮಾಚೇನಹಳ್ಳಿಯಿಂದ ಇನ್ನೂ ಮುಂದೆ ಹೋದರೆ ಭದ್ರಾವತಿ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಮುಚ್ಚುವ ತೀರ್ಮಾನದ ಸುದ್ದಿ ಕೇಳಿತು. ಕಾರ್ಮಿಕರು ಬೀದಿಗೆ ಬಂದರು. ಅದೇ ವರ್ಷ ಆಗಸ್ಟ್‌ನಲ್ಲಿ ಅದರ ಒಂದು ಘಟಕ ಮತ್ತೆ ಸದ್ದು ಮಾಡಿತು. 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ 2015ರ ಸುಮಾರಿಗೆ ಉತ್ಪಾದನೆ ನಿಲ್ಲಿಸಿತು. ನಮ್ಮ ಶಾಲೆಯ ನೋಟುಪುಸ್ತಕಗಳು ಆ ಕಾಗದದವು. ಇವುಗಳ ಯಂತ್ರಗಳು ನಾಳೆ ಕೆ.ಜಿ. ಲೆಕ್ಕದಲ್ಲಿ ಹೋಗಬಹುದು, ಇಲ್ಲವೆ ಒಂದೆರಡನ್ನು ಬಣ್ಣ ಬಳಿದು ಉದ್ಯಾನದಲ್ಲಿ ನಿಲ್ಲಿಸಬಹುದು. ನಮ್ಮ ಕಳವಳ ಬೇರೆಯದು. ಅಲ್ಲಿ ನಲವತ್ತು ವರ್ಷ ದುಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಸಂಜೆ ಹೊತ್ತು ಹಳೇ ನಗರದ ಚಹಾ ಅಂಗಡಿಗಳಲ್ಲಿ ಕೂರುತ್ತಾರೆ. ಕುಲುಮೆಯ ಬಣ್ಣ ನೋಡಿಯೇ ಬಿಸಿ ಎಷ್ಟಿದೆಯೆಂದು ಹೇಳಬಲ್ಲ ಕಣ್ಣುಗಳು ಅವರವು. ಅವರನ್ನು ಕೇಳಿ ಬರೆದುಕೊಂಡವರು ಎಷ್ಟು ಮಂದಿ? 1948ರ ಆ ಫಿಟ್ಟರನ ಹೆಸರು ಕಳೆದುಹೋಗಿದೆ. ಇವರ ಹೆಸರು ಇನ್ನೂ ಕಳೆದಿಲ್ಲ.

ವಿಮಾನಕ್ಕೆ ಮರಳು ಹಾಕಿದ ಹಾಗೆ ಚರಿತ್ರೆಗೂ ಮರಳು ಹಾಕುವವರಿದ್ದಾರೆ. ಆದರೆ ಬಹಳಷ್ಟು ಸಲ ಅಷ್ಟೂ ಬೇಕಾಗುವುದಿಲ್ಲ. ಯಾರೂ ಕೇಳದೆ ಬಿಟ್ಟರೆ ಸಾಕು, ಅದು ತಾನಾಗಿಯೇ ತುಕ್ಕು ಹಿಡಿಯುತ್ತದೆ.

ಅಂದು ಚಹಾದ ಲೋಟ ಕೆಳಗಿಟ್ಟು ಎದ್ದಾಗ ನಮ್ಮ ಖಾಲಾನ ಮಗನಿಗೆ ಈ ಕತೆಯನ್ನು ಚಿಕ್ಕದಾಗಿ ಹೇಳಿದೆವು. ನಾನಾನ ಲಾರಿಯ ವಿಷಯ ಅವನಿಗೆ ಗೊತ್ತಿತ್ತು. ಕಾನಪುರದ ವಿಮಾನಗಳದು ಗೊತ್ತಿರಲಿಲ್ಲ. ‘42 ವಿಮಾನ? ನಿಜವಾ ಭಾಯಿ?’ ಎಂದು ಎರಡು ಸಲ ಕೇಳಿದ. ಆಮೇಲೆ ಕಟರ್ ಹಿಡಿದ ಹುಡುಗನನ್ನು ಕರೆದು, ಜೀಪನ್ನು ಬಿಟ್ಟು ಪಕ್ಕದ ಡ್ರಮ್ಮುಗಳನ್ನು ಮೊದಲು ಕೊಯ್ಯಲು ಹೇಳಿದ. ನಮ್ಮ ಕಡೆ ತಿರುಗಿ, ‘ಒಂದು ತಿಂಗಳು ಇಡ್ತೀನಿ. ಅಷ್ಟರಲ್ಲಿ ಕೊಳ್ಳೋರನ್ನ ಕರ್ಕೊಂಡು ಬನ್ನಿ. ನನಗೂ ಹೊಟ್ಟೆ ಇದೆ’ ಎಂದ.

ನಾವು ಹುಡುಕುತ್ತಿದ್ದೇವೆ.